ಬಾವಿಕಟ್ಟೆಯ ಬದಿಗೆ ಹೋಗದ ದಿನಗಳು

ನನ್ನ ಬಸಿರಿನ ಮೊದಲ ಉಪದ್ರ ಕಾಣಿಸಿಕೊಂಡದ್ದು ಬಾಯಿಯಲ್ಲಿ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಬಾಯಿತುಂಬ ಜೊಲ್ಲು ಊರತೊಡಗಿ, ನುಂಗಿದರೆ ವಾಂತಿ, ನುಂಗದಿದ್ದರೆ ಮಾತನಾಡಲಾಗದು ಎಂಬ ಸ್ಥಿತಿ ಬಂತು. ವಾಕರಿಕೆ, ತಲೆಸುತ್ತು, ಹುಳಿಯ ಬಯಕೆ ಇವುಗಳ ಬಗ್ಗೆ ಎಲ್ಲರೂ ಹೇಳಿದ್ದರು. ಜೊಲ್ಲಿನ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನಾನು ಮಂಗಳೂರಿನ ಒಂದು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುವವಳು. ಇಡೀ ದಿನ ಗ್ರಾಹಕರ ಎದುರು ಮಾತನಾಡಬೇಕಾದ ಆ ಕುರ್ಚಿಯಲ್ಲಿ, ಕಾಲಬುಡದಲ್ಲಿ ಮುಚ್ಚಳವಿರುವ ಸ್ಟೀಲಿನ ಡಬ್ಬಿಯೊಂದನ್ನು ಇಟ್ಟುಕೊಂಡು, ಪಾಸ್‌ಬುಕ್ ಮುದ್ರಣವಾಗುವಷ್ಟು ಹೊತ್ತಿನಲ್ಲಿ ಬಗ್ಗಿ ಉಗುಳಿ, ಬಾಯೊರೆಸಿಕೊಂಡು ಮತ್ತೆ ತಲೆಯೆತ್ತುವುದನ್ನು ಅಭ್ಯಾಸ ಮಾಡಿಕೊಂಡೆ. ಪಿಂಚಣಿ ತೆಗೆಯಲು ಬರುತ್ತಿದ್ದ ಹಿರಿಯರೊಬ್ಬರು, "ಎಂತ ಮೇಡಂ, ನೀವೂ ಎಲೆಯಡಿಕೆ ಸುರು ಮಾಡಿದ್ರಾ?" ಎಂದು ನಕ್ಕರು. ಬಾಯಿ ತೆರೆಯುವ ಹಾಗಿರಲಿಲ್ಲವಾದ್ದರಿಂದ ಹೌದೆಂದು ತಲೆಯಾಡಿಸಿದೆ.

ನಮ್ಮ ವೈದ್ಯೆ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಎಲ್ಲರ ಬಾಯಿಯಲ್ಲೂ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಉತ್ಪತ್ತಿಯಾಗುತ್ತದೆ, ಅದನ್ನು ನಾವು ಗೊತ್ತೇ ಆಗದಂತೆ ನುಂಗುತ್ತಿರುತ್ತೇವೆ, ವಾಕರಿಕೆ ಜೋರಾಗಿರುವಾಗ ನುಂಗುವುದು ಕಷ್ಟವಾಗಿ ಅದು ಬಾಯಲ್ಲೇ ನಿಲ್ಲುತ್ತದೆ, ಮಗುವಿಗೆ ಇದರಿಂದ ಏನೂ ಆಗುವುದಿಲ್ಲ ಎಂದು ಅವರು ವಿವರಿಸಿದರು. ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆಕೆ, "ನಂಗೂ ಇತ್ತು ಮಾರಾಯ್ತಿ. ತೆಂಗಿನ ಬುಡಕ್ಕೆ ಉಗಿದು ಉಗಿದು ಸಾಕಾಗಿತ್ತು" ಎಂದರು. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಹೇಳುವಂಥದ್ದು ಎಂತ ಉಂಟು ಅದ್ರಲ್ಲಿ?" ಎಂಬ ಉತ್ತರ ಬಂತು. ಮುಂದಿನ ಒಂದು ವರ್ಷದಲ್ಲಿ ಇದೇ ಉತ್ತರವನ್ನು ನಾನು ಅಮ್ಮ, ಅತ್ತೆ, ದೊಡ್ಡಮ್ಮ, ಕಚೇರಿಯ ಅಕ್ಕಂದಿರು ಎಲ್ಲರಿಂದಲೂ ಕೇಳಿದೆ. ಅವರಿಗೆಲ್ಲ ಗೊತ್ತಿತ್ತು, ಹೇಳತಕ್ಕ ಸಂಗತಿಗಳ ಸಾಲಿನಲ್ಲಿ ಅದನ್ನು ಅವರು ಸೇರಿಸಿರಲಿಲ್ಲ, ಅಷ್ಟೆ.

ವಾಸನೆಯ ಕಥೆ ಬೇರೆಯೇ. ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನನಗೆ, ಬೆಳಿಗ್ಗೆ ಪಕ್ಕದ ಮನೆಯ ಕುಕ್ಕರಿನಿಂದ ಹೊರಡುವ ಅದೇ ಅನ್ನದ ಹಬೆ ಹೊಟ್ಟೆ ತೊಳಸುವಂತೆ ಮಾಡುತ್ತಿತ್ತು. ಮಂಗಳೂರಿನಿಂದ ಉಡುಪಿಯ ತವರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವಾಗ ಮುಂದಿನ ಸೀಟಿನವರ ತಲೆಯೆಣ್ಣೆಯ ಬ್ರ್ಯಾಂಡನ್ನು ಹೇಳಬಲ್ಲಷ್ಟು ಮೂಗು ಚುರುಕಾಗಿತ್ತು. ಮೀನಿನ ಲಾರಿಯ ಹಿಂದೆ ಬಸ್ಸು ಸಿಕ್ಕಿಕೊಂಡಿತೆಂದರೆ ಪಡುಬಿದ್ರಿಯಲ್ಲೇ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಇದೆಲ್ಲ ನಾಲ್ಕನೆಯ ತಿಂಗಳಿಗೆ ಮುಗಿಯುತ್ತದೆಂದು ಹೇಳಿದ್ದರು. ಹೆಚ್ಚಿನದು ಮುಗಿಯಿತು ಕೂಡ, ಉಳಿದದ್ದು ಮಲ್ಲಿಗೆಯ ವಾಸನೆ ಮಾತ್ರ.

ಅದು ಏಳನೆಯ ತಿಂಗಳ ಸೀಮಂತದ ದಿನ ಗೊತ್ತಾಯಿತು. ಅತ್ತೆ ಬಹಳ ಪ್ರೀತಿಯಿಂದ, ಬೆಳಿಗ್ಗೆಯೇ ಹೂವಿನ ಕಟ್ಟೆಗೆ ಆಳು ಕಳಿಸಿ, ಶಂಕರಪುರ ಮಲ್ಲಿಗೆಯ ಇಡೀ ಅಟ್ಟೆ ತರಿಸಿದ್ದರು. ನಮ್ಮಲ್ಲಿ ಎಂಟುನೂರು ಮೊಗ್ಗಿನ ಮಾಲೆಗೆ ಚೆಂಡು ಎನ್ನುತ್ತೇವೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಮೂರು ಸಾವಿರದ ಇನ್ನೂರು ಮೊಗ್ಗು ನನ್ನ ಜಡೆಯ ಮೇಲೆ ಕುಳಿತಿತು. ಮೊಗ್ಗುಗಳು ಅರಳತೊಡಗಿದ ಹಾಗೆ, ಆರತಿಯ ತಟ್ಟೆಯ ಎದುರು, ಹಸಿರು ಬಳೆ ತೊಟ್ಟು ಕುಳಿತ ನನಗೆ ಉಸಿರು ಕಟ್ಟಿತು. ಹೂ ತೆಗೆಯಿರಿ ಎನ್ನುವುದು ಅಪಶಕುನದ ಮಾತೆಂದು ನುಂಗಿಕೊಂಡು ಎಷ್ಟೋ ಹೊತ್ತು ಕುಳಿತೆ, ಕೊನೆಗೆ ಪಕ್ಕದಲ್ಲಿದ್ದ ದೊಡ್ಡಮ್ಮನೇ ನನ್ನ ಮುಖ ನೋಡಿ, "ಅದ್ರ ಜಡೆ ಬಿಚ್ಚಿ ಮೊದ್ಲು, ಮಗು ಬೆವರ್ತಾ ಉಂಟು" ಎಂದು ಗದರಿ, ಇಡೀ ಹೂವನ್ನು ಕಿತ್ತು ಬಾಳೆಲೆಯಲ್ಲಿ ಸುತ್ತಿ ದೇವರ ಕೋಣೆಗೆ ಕಳಿಸಿದರು. ಫೋಟೋಗಳಲ್ಲಿ ನಾನು ಬೋಳು ಜಡೆಯಲ್ಲಿದ್ದೇನೆ. ಅತ್ತೆಗೆ ಅದು ಇಂದಿಗೂ ಸ್ವಲ್ಪ ಬೇಸರವೇ.

ಕೈಗಳ ವಿಷಯ ಹೇಳಬೇಕು. ಎಂಟನೆಯ ತಿಂಗಳಿನಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಎರಡೂ ಅಂಗೈ ಜೋಮು ಹಿಡಿದು, ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಬೆಳಿಗ್ಗೆ ನೋಟು ಎಣಿಸಲು ಬೆರಳು ಬಗ್ಗುತ್ತಿರಲಿಲ್ಲ. ಹೃದಯದ ತೊಂದರೆಯೋ, ನರದ ಕಾಯಿಲೆಯೋ ಎಂದು ಹೆದರಿ ಹೋದರೆ, ಬಸಿರಿನಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುವ ನರ ಒತ್ತಲ್ಪಡುತ್ತದೆ, ರಾತ್ರಿ ಮಣಿಕಟ್ಟು ಮಡಚಿ ಮಲಗಿದಾಗ ಅದು ಹೆಚ್ಚಾಗುತ್ತದೆ ಎಂದು ತಿಳಿಯಿತು. ಮಣಿಕಟ್ಟು ನೇರವಾಗಿ ನಿಲ್ಲುವಂತೆ ಕಟ್ಟುವ ಪಟ್ಟಿ ಕೊಟ್ಟರು, ಅದರಿಂದ ನಿದ್ರೆ ಬಂತು. ಇದರೊಂದಿಗೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಮಲಗಿದ ಕೂಡಲೇ ಎದೆಯುರಿ, ಮಧ್ಯರಾತ್ರಿ ಮೀನಖಂಡದ ಸೆಳೆತ, ಸ್ಕೂಟರ್ ಏರಲು ಕಾಲೆತ್ತಿದರೆ ತೊಡೆಸಂದಿನ ಮೂಳೆ ಎರಡಾಗಿ ಸೀಳಿದಂಥ ನೋವು ಇವೆಲ್ಲವೂ ಸರದಿಯಲ್ಲಿ ಬಂದು ಹೋದವು. ಹಿಮೋಗ್ಲೋಬಿನ್ 10.4ಕ್ಕೆ ಇಳಿದಾಗ, ಇಷ್ಟು ತಿಂದೂ ರಕ್ತ ಕಡಿಮೆಯಾಗುವುದು ಹೇಗೆಂದು ಅತ್ತೆ ಬೀಟ್‌ರೂಟಿನ ಮೇಲೆ ಬೀಟ್‌ರೂಟು ತಂದು ಸುರಿದರು. ಬಸಿರಿನಲ್ಲಿ ರಕ್ತದ ಒಟ್ಟು ಪ್ರಮಾಣವೇ ಹೆಚ್ಚುತ್ತದೆ, ಅದರಲ್ಲಿ ನೀರಿನ ಅಂಶ ಕೆಂಪುಕಣಗಳಿಗಿಂತ ಬೇಗ ಏರುವುದರಿಂದ ರಕ್ತ ತೆಳುವಾಗುತ್ತದೆ, ಆದರೂ 11ಕ್ಕಿಂತ ಕೆಳಗಿಳಿದರೆ ಕಬ್ಬಿಣದ ಮಾತ್ರೆಯನ್ನು ಬಿಡುವಂತಿಲ್ಲ ಎಂದು ವೈದ್ಯೆ ಹೇಳಿದರು. ಬೀಟ್‌ರೂಟಿನಿಂದ ಆದ ಒಂದೇ ಪರಿಣಾಮವೆಂದರೆ ಮೂತ್ರ ಕೆಂಪಗಾಗಿ ನಾನು ಇನ್ನಷ್ಟು ಹೆದರಿದ್ದು.

ಒಂದು ಸಂಗತಿಯನ್ನು ಮಾತ್ರ ಇವುಗಳ ಜೊತೆ ಹಗುರವಾಗಿ ಸೇರಿಸಲಾರೆ. ಒಂಬತ್ತಕ್ಕೆ ಬೀಳುವಾಗ ರಾತ್ರಿ ಹೊತ್ತು ಅಂಗೈ, ಅಂಗಾಲು ತುರಿಸತೊಡಗಿದವು. ಚರ್ಮದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಸೆಕೆಗೆ ಹಾಗಾಗುತ್ತದೆಂದು ಅಮ್ಮ, ಹೊಟ್ಟೆ ಹಿಗ್ಗಿದ್ದಕ್ಕೆಂದು ಪಕ್ಕದ ಮನೆಯವರು ಹೇಳಿ ತೆಂಗಿನೆಣ್ಣೆ ಹಚ್ಚಿದರು. ವೈದ್ಯೆ ಮಾತ್ರ ಫೋನಿನಲ್ಲಿ ಕೇಳಿದ ಕೂಡಲೇ ಬರಹೇಳಿ, ಯಕೃತ್ತಿನ ಪರೀಕ್ಷೆ ಮತ್ತು ಪಿತ್ತಾಮ್ಲದ ಪರೀಕ್ಷೆ ಬರೆದರು. ಯಕೃತ್ತಿನಿಂದ ಪಿತ್ತ ಸರಿಯಾಗಿ ಹರಿಯದೆ ರಕ್ತದಲ್ಲಿ ಸೇರಿದರೆ ಹೀಗೆ ಗುಳ್ಳೆಯಿಲ್ಲದ ತುರಿಕೆ ಬರುತ್ತದೆ, ಅದು ತೀರಾ ಹೆಚ್ಚಿದರೆ ಮಗುವಿಗೆ ಅಪಾಯವಿರುವುದರಿಂದ ಹೆರಿಗೆಯ ದಿನವನ್ನೇ ಮುಂಚಿತವಾಗಿ ಗೊತ್ತುಮಾಡಬೇಕಾಗಬಹುದು ಎಂದರು. ನನ್ನ ವರದಿ ಸರಿಯಾಗಿಯೇ ಬಂತು. ಆದರೆ ಜೊಲ್ಲಿನಂಥ ನಿರುಪದ್ರವಿ ಸಂಗತಿಯೂ ಈ ತುರಿಕೆಯಂಥ ಸಂಗತಿಯೂ ಮನೆಯವರ ಬಾಯಲ್ಲಿ ಒಂದೇ ಆಗಿಬಿಡುತ್ತವೆ: "ಅದೆಲ್ಲ ಇರ್ತದೆ." ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಮ್ಮೆಲೇ ಮುಖ ಊದುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವನ್ನು ಕೇಳಿದಾಗಲೂ ಇದೇ ಮಾತು ಬರಬಹುದೆಂಬುದೇ ನನಗಿರುವ ಆಕ್ಷೇಪ.

ಹೆರಿಗೆ ಮೇ ತಿಂಗಳ ಆರಂಭದಲ್ಲಾಯಿತು. ನೋವಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಅದನ್ನು ಎಲ್ಲರೂ ಹೇಳಿದ್ದರು, ಮತ್ತು ಅವರು ಹೇಳಿದ ಹಾಗೆಯೇ ಇತ್ತು. ಯಾರೂ ಹೇಳದಿದ್ದದ್ದು ನಡುಕ. ಮಗುವನ್ನು ಒರೆಸಿ ತೂಕ ಮಾಡುತ್ತಿದ್ದಾಗ, ಹೊರಗೆ ಮೂವತ್ತಮೂರು ಡಿಗ್ರಿಯ ಸೆಕೆಯಿದ್ದಾಗ, ನನ್ನ ದವಡೆ, ತೊಡೆ, ಭುಜ ಎಲ್ಲವೂ ಕಟಕಟನೆ ನಡುಗತೊಡಗಿ, ಮಂಚದ ಕಬ್ಬಿಣ ಸದ್ದು ಮಾಡಿತು. ಚಳಿಯಿರಲಿಲ್ಲ, ಜ್ವರವಿರಲಿಲ್ಲ. "ಹೆದರ್ಬೇಡಿ, ತುಂಬಾ ಜನರಿಗೆ ಆಗ್ತದೆ, ಈಗ ನಿಲ್ತದೆ" ಎಂದು ನರ್ಸ್ ಎರಡು ಹೊದಿಕೆ ಹೊದೆಸಿದರು. ಸ್ವಲ್ಪ ಹೊತ್ತಿಗೆ ನಿಂತಿತು. ಆ ನಡುಕದ ನಡುವೆಯೇ ಮಗುವನ್ನು ತಂದು ಎದೆಯ ಮೇಲೆ ಮಲಗಿಸಿದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಬಂದ ಯೋಚನೆ, ಇವಳ ಕಿವಿ ಎಷ್ಟು ಚಪ್ಪಟೆಯಾಗಿದೆ, ಎಂಬುದು. ಕಣ್ಣೀರು ಬರಲಿಲ್ಲ, ಮಮತೆ ಉಕ್ಕಲಿಲ್ಲ. ಪರಿಚಯವಿಲ್ಲದವರ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಿ ಎಂದು ಬಸ್ಸಿನಲ್ಲಿ ಯಾರೋ ಮಡಿಲಿಗೆ ಕೊಟ್ಟಂತೆ, ಜೋಪಾನವಾಗಿ ಹಿಡಿದುಕೊಂಡೆ. ಆ ಮಮತೆ ಮುಂದೆ ಬಂತು, ಆದರೆ ಯಾವ ದಿನವೆಂದು ಹೇಳಲಾರೆ. ಒಂದು ದಿನವೆಂದು ಇರಲೂ ಇಲ್ಲ.

ಮೂರನೆಯ ದಿನ ಎದೆಯಲ್ಲಿ ಹಾಲು ತುಂಬಿ ಕಲ್ಲಿನಂತಾಗಿ ಕಂಕುಳಿನವರೆಗೆ ನೋವು ಹರಡಿತು. ಅಂದೇ ಅಳು ಸುರುವಾಯಿತು. ಅಪ್ಪ ಹಣ್ಣು ತಂದರೆಂದು ಅಳು, ಗಂಡ ಊಟಕ್ಕೆ ಹೊರಗೆ ಹೋದರೆಂದು ಅಳು, ಮಗು ಆಕಳಿಸಿದ್ದಕ್ಕೂ ಅಳು. ಹಾಲು ಕುಡಿಸುವಾಗ ಕೆಳಹೊಟ್ಟೆ ಹಿಂಡಿ ಬರುವ ನೋವು ಬೇರೆ. ಹಾಲಿಳಿಸುವ ಆಕ್ಸಿಟೋಸಿನ್ ಎಂಬ ಅದೇ ರಸ ಗರ್ಭಕೋಶವನ್ನೂ ಕುಗ್ಗಿಸುತ್ತದಂತೆ, ಎರಡನೆಯ ಹೆರಿಗೆಯಲ್ಲಿ ಇದು ಇನ್ನೂ ಜೋರು ಎಂದು ನರ್ಸ್ ಸಮಾಧಾನವೋ ಎಚ್ಚರಿಕೆಯೋ ತಿಳಿಯದ ದನಿಯಲ್ಲಿ ಹೇಳಿದರು. ಮೊದಲ ವಾರದ ಈ ಅಳು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಬರುತ್ತದೆ, ಹಾರ್ಮೋನುಗಳು ಒಮ್ಮೆಲೇ ಕುಸಿಯುವುದೂ ನಿದ್ರೆಗೇಡೂ ಸೇರಿ ಹಾಗಾಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗಬೇಕು, ಹೋಗದಿದ್ದರೆ ಬನ್ನಿ ಎಂದು ಬಿಡುಗಡೆಯ ದಿನ ವೈದ್ಯೆ ಹೇಳಿದ್ದರು. ಆ ಕೊನೆಯ ವಾಕ್ಯ, ಔಷಧಿಯ ಚೀಟಿ ಹಿಡಿದು ನಿಂತಿದ್ದ ಯಾರ ಕಿವಿಗೂ ಬಿದ್ದಿರಲಿಲ್ಲ.

ತವರಿನಲ್ಲಿ ಬಾಣಂತನ ಶಾಸ್ತ್ರೋಕ್ತವಾಗಿ ನಡೆಯಿತು. ತೆಂಗಿನ ಕೊತ್ತಳಿಗೆಯ ಉರಿಯಲ್ಲಿ ಹಂಡೆಯ ನೀರು ಕಾಯಿಸಿ, ಅದಕ್ಕೆ ಲಕ್ಕಿ ಸೊಪ್ಪು ಹಾಕಿ, ಮೈಗೆ ಅರಸಿನ ಬೆರೆಸಿದ ಎಣ್ಣೆ ತಿಕ್ಕಿ, ನೀರು ಹೊಯ್ಯಲು ಪಕ್ಕದ ಊರಿನಿಂದ ಒಬ್ಬ ಅಕ್ಕ ಬರುತ್ತಿದ್ದರು. ಆ ನೀರು ಬೆನ್ನಿಗೆ ಬೀಳುವಾಗ ಸಿಗುತ್ತಿದ್ದ ಸುಖವನ್ನು ನಾನು ಅಲ್ಲಗಳೆಯಲಾರೆ. ದಿನದಲ್ಲಿ ನನ್ನ ಮೈಯನ್ನು ಮಗುವಿನ ಆಹಾರವೆಂದಲ್ಲದೆ ಮೈ ಎಂದೇ ನೋಡುತ್ತಿದ್ದ ಹೊತ್ತು ಅದೊಂದೇ. ಆದರೆ ಸ್ನಾನ ಮುಗಿದ ಮೇಲೆ ಹೊಟ್ಟೆಗೆ ಹಳೆಯ ಸೀರೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಸಾಂಬ್ರಾಣಿ ಹೊಗೆಯಲ್ಲಿ ಮಲಗಿಸುವುದಿತ್ತಲ್ಲ, ಅದು ಮೇ ತಿಂಗಳ ಉಡುಪಿಯಲ್ಲಿ. ಹೆರಿಗೆಯ ನಂತರ ಮೈಯಲ್ಲಿ ಸೇರಿದ ನೀರು ಹೊರಹೋಗಲು ರಾತ್ರಿ ವಿಪರೀತ ಬೆವರುತ್ತದೆ, ನನಗಂತೂ ಹಾಸಿಗೆಯೇ ಹಿಂಡುವಂತಾಗುತ್ತಿತ್ತು. ಇದರ ಮೇಲೆ ಬಾಣಂತಿ ನೀರು ಕುಡಿಯಬಾರದೆಂಬ ಕಟ್ಟಳೆ: ಮೆಂತೆ ಗಂಜಿ, ಬೆಳ್ಳುಳ್ಳಿ ಲೇಹ್ಯ, ಜೀರಿಗೆ ಕಷಾಯ ಎಷ್ಟು ಬೇಕಾದರೂ ಕೊಡುವವರು, ಒಂದು ಲೋಟ ನೀರಿಗೆ ಅರ್ಧ ಲೋಟ ಕೊಡುತ್ತಿದ್ದರು. ಹೊಲಿಗೆ ಹಾಕಿದ ಜಾಗ ಉರಿಯುತ್ತಿದ್ದು, ಮಲ ಗಟ್ಟಿಯಾಗಿ, ಶೌಚಕ್ಕೆ ಹೋಗುವುದೆಂದರೆ ಹೆರಿಗೆಗಿಂತ ಹೆಚ್ಚು ಭಯವಾಗುವ ಸ್ಥಿತಿ ಬಂದಾಗ ನಾನೇ ವೈದ್ಯೆಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆ. ಹಾಲೂಡಿಸುವವಳು ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು ಎಂದು ಅವರು ಅಮ್ಮನಿಗೇ ನೇರ ಹೇಳಿದ ಮೇಲೆ ತಾಮ್ರದ ತಂಬಿಗೆ ನನ್ನ ತಲೆದಿಂಬಿನ ಬಳಿಗೆ ಬಂತು. ಫ್ಯಾನು ಮಾತ್ರ ಮಳೆ ಸುರುವಾಗುವವರೆಗೂ ಚರ್ಚೆಯಲ್ಲೇ ಇತ್ತು.

ಹಾಲೂಡಿಸುವಾಗ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಮಗು ಬಾಯಿಟ್ಟು ಕೆಲವು ಕ್ಷಣಗಳಾಗಿ, ಎದೆಯಲ್ಲಿ ಜುಂ ಎಂದು ಹಾಲು ಇಳಿಯುವುದಕ್ಕೆ ಸ್ವಲ್ಪ ಮೊದಲು, ಕಾರಣವೇ ಇಲ್ಲದ ಒಂದು ದುಃಖ ಹೊಟ್ಟೆಯೊಳಗಿಂದ ಎದ್ದು ಬರುತ್ತಿತ್ತು, ಊರು ಬಿಟ್ಟು ಎಲ್ಲೋ ಒಬ್ಬಳೇ ಉಳಿದುಬಿಟ್ಟೆ ಎಂಬಂಥದ್ದು. ಒಂದೆರಡು ನಿಮಿಷದಲ್ಲಿ ಅದು ಅಳಿಸಿಹೋಗುತ್ತಿತ್ತು. ಪ್ರತಿ ಸಲವೂ ಹಾಗೆಯೇ. ಹಾಲಿಳಿಯುವ ಕ್ಷಣದಲ್ಲಿ ಮಿದುಳಿನ ಡೋಪಮೈನ್ ಥಟ್ಟನೆ ಇಳಿಯುವುದು ಇದಕ್ಕೆ ಕಾರಣವೆಂದು ತಜ್ಞರು ಊಹಿಸುತ್ತಾರೆ, ಇದು ಖಿನ್ನತೆಯಲ್ಲ, ಮಗುವಿನ ಮೇಲಿನ ಅಸಡ್ಡೆಯೂ ಅಲ್ಲ ಎಂದು ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲವಾದ್ದರಿಂದ, ಮಗು ಹಸಿದು ಅತ್ತರೆ ನನ್ನ ಎದೆ ಮೊದಲೇ ಅಳುಕುತ್ತಿತ್ತು.

ಇನ್ನು ಬಾವಿಯ ವಿಷಯ. ನಮ್ಮದು ಹಳೆಯ ಮನೆ. ಬಚ್ಚಲು ಹಿಂದುಗಡೆ ಬೇರೆಯಾಗಿದೆ, ಬಚ್ಚಲಿನಿಂದ ಅಡುಗೆಮನೆಯ ಬಾಗಿಲಿಗೆ ಬರುವ ದಾರಿ ಬಾವಿಕಟ್ಟೆಯನ್ನು ಸವರಿಕೊಂಡೇ ಬರುತ್ತದೆ. ಜೂನ್ ತಿಂಗಳ ಮಳೆ ಹಿಡಿದ ಮೇಲೆ ನೀರು ಕಟ್ಟೆಯ ಕೆಳಗೆ ಕೈಗೆಟಕುವಷ್ಟು ಮೇಲೆ ಬಂದಿತ್ತು. ಒಂದು ಬೆಳಿಗ್ಗೆ, ಮಗುವಿನ ಸ್ನಾನ ಮುಗಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದಾಗ, ನನ್ನ ಕೈಗಳು ಅವಳನ್ನು ಬಾವಿಗೆ ಎಸೆಯುವ ಚಿತ್ರ ಕಣ್ಣಮುಂದೆ ಬಂತು. ಯೋಚನೆ ಎನ್ನುವುದಕ್ಕಿಂತ ಅದು ಚಿತ್ರವೇ: ಬಿಳಿ ಬಟ್ಟೆ, ಕಪ್ಪು ನೀರು, ಸದ್ದು. ಕಾಲು ಅಲ್ಲೇ ನಿಂತುಹೋಯಿತು. ಮಗುವನ್ನು ಎದೆಗೆ ಒತ್ತಿಕೊಂಡು ಓಡಿ ಒಳಗೆ ಬಂದು ತೊಟ್ಟಿಲಲ್ಲಿ ಮಲಗಿಸಿ, ಅವಳಿಂದ ದೂರ, ಕೋಣೆಯ ಇನ್ನೊಂದು ಮೂಲೆಯಲ್ಲಿ ಕುಳಿತೆ. ಮರುದಿನ ಮತ್ತೆ ಬಂತು. ಆಮೇಲೆ ಅಡುಗೆಮನೆಯ ಮೆಟ್ಟುಕತ್ತಿ ಕಂಡಾಗಲೂ, ಒಲೆಯ ಮೇಲೆ ಗಂಜಿ ಕುದಿಯುವಾಗಲೂ ಅದೇ ಥರದ ಚಿತ್ರಗಳು ಬರತೊಡಗಿದವು. ಬಾವಿಯ ಬದಿಯ ದಾರಿ ಬಿಟ್ಟು, ಮಳೆಯಲ್ಲಿ ನೆನೆಯುತ್ತ, ಮನೆಯ ಇನ್ನೊಂದು ಪಾರ್ಶ್ವ ಸುತ್ತಿ ಮುಂದಿನ ಬಾಗಿಲಿನಿಂದ ಒಳಬರತೊಡಗಿದೆ. ಮಗುವನ್ನು ಎತ್ತಿಕೊಳ್ಳಲು ಅಮ್ಮನನ್ನೇ ಕರೆಯುತ್ತಿದ್ದೆ. ರಾತ್ರಿ ಮಗು ನಿದ್ರಿಸಿದರೂ ನಾನು ನಿದ್ರಿಸುತ್ತಿರಲಿಲ್ಲ. ನಿದ್ರೆಯಲ್ಲಿ ನಡೆದುಹೋಗಿ ಏನಾದರೂ ಮಾಡಿಬಿಟ್ಟರೆ ಎಂದು ಕೋಣೆಯ ಬಾಗಿಲಿನ ಚಿಲಕವನ್ನು ಎದ್ದೆದ್ದು ನೋಡುತ್ತಿದ್ದೆ. ಹೊರಗಿನವರಿಗೆ ಕಾಣುತ್ತಿದ್ದದ್ದು ಮಗುವಿನ ಬಗ್ಗೆ ಬಹಳ ಜಾಗ್ರತೆ ವಹಿಸುವ ಬಾಣಂತಿ.

ಇದನ್ನು ಮೊದಲು ಗುರುತಿಸಿದವರು ನೀರು ಹೊಯ್ಯುವ ಅಕ್ಕ. ಬೆನ್ನು ತಿಕ್ಕುತ್ತ, ಬೇರೆ ಯಾವುದೋ ಮಾತಿನ ನಡುವೆ, "ನೀವು ಯಾಕೆ ಮಗು ಹಿಡ್ಕೊಂಡು ಆಚೆ ಸುತ್ತಿ ಹೋಗುದು?" ಎಂದು ಕೇಳಿದರು. ನಾನು ಪಾಚಿ ಜಾರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ನೀರು ಹೊಯ್ದು, "ನಂಗೆ ದೊಡ್ಡವ ಹುಟ್ಟಿದಾಗ ಕತ್ತಿ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಎಲ್ಲ ಕತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಯಾರಿಗೂ ಹೇಳ್ಲಿಲ್ಲ, ಹುಚ್ಚು ಹೇಳ್ತಾರಲ್ಲ?" ಎಂದರು. ನಾನು ಏನೂ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಹೋಗುವಾಗ ಮಾತ್ರ, "ನೀವು ಓದಿದವರು, ಡಾಕ್ಟ್ರಿಗೆ ಹೇಳಿ" ಎಂದು ಹೇಳಿ ಹೋದರು.

ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದಿನ ವಾರದಲ್ಲೇ ನನ್ನ ತಪಾಸಣೆಯೂ ಇತ್ತು. ಹೊಲಿಗೆ, ರಕ್ತಸ್ರಾವ, ರಕ್ತದೊತ್ತಡ ಎಲ್ಲ ನೋಡಿ ಮುಗಿಸಿ, ಕೈ ತೊಳೆಯುತ್ತ ವೈದ್ಯೆ, "ಮಗು ಮಲಗಿದಾಗ ನಿಮಗೆ ನಿದ್ರೆ ಬರ್ತದಾ?" ಎಂದು ಕೇಳಿದರು. ಬಸಿರಿನ ಆ ಎಲ್ಲ ತಿಂಗಳು ನನ್ನ ತೂಕ, ರಕ್ತ, ಸಕ್ಕರೆ, ಮೂತ್ರ ಎಲ್ಲವೂ ತಾಯಿ ಕಾರ್ಡಿನಲ್ಲಿ ದಾಖಲಾಗಿದ್ದವು. ನಿದ್ರೆಯ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಅಮ್ಮ ಹೊರಗೆ ಮಗುವಿನೊಂದಿಗೆ ಕುಳಿತಿದ್ದರು. ಬಾವಿಯ ವಿಷಯವನ್ನು ವೈದ್ಯೆಗೆ ಹೇಳಿದೆ. ಅವರು ಉಡುಪಿಯಲ್ಲೇ ಇದ್ದ ಮನೋವೈದ್ಯೆಯೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿ ಅಂದೇ ಸಂಜೆಯ ಸಮಯ ಗೊತ್ತುಮಾಡಿದರು.

ಅಲ್ಲಿ ಮೊದಲು ಕನ್ನಡದಲ್ಲಿ ಅಚ್ಚಾದ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಎಡಿನ್‌ಬರೋದಲ್ಲಿ 1987ರಲ್ಲಿ ಬಾಣಂತಿಯರಿಗಾಗಿಯೇ ರೂಪಿಸಿದ ಪ್ರಶ್ನಾವಳಿ ಅದು. ಕಳೆದ ಏಳು ದಿನಗಳಲ್ಲಿ ನಗು ಬಂದಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಅಳು ಬಂತೇ, ಸ್ವತಃ ಹಾನಿ ಮಾಡಿಕೊಳ್ಳುವ ಯೋಚನೆ ಬಂತೇ ಎಂದು ಕೇಳುತ್ತದೆ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಆಮೇಲೆ ಮನೋವೈದ್ಯೆ ಕೇಳಿದ ಪ್ರಶ್ನೆಗಳು ಬಹಳ ನೇರವಾಗಿದ್ದವು. ಆ ಚಿತ್ರ ಬಂದಾಗ ಹಾಗೆ ಮಾಡಬೇಕು ಅನ್ನಿಸುತ್ತದೆಯೇ, ಹೆದರಿಕೆಯಾಗುತ್ತದೆಯೇ? ಮಾಡು ಎಂದು ಯಾರಾದರೂ ಹೇಳಿದಂತೆ ಕೇಳಿಸುತ್ತದೆಯೇ? ಮಗುವಿನಲ್ಲಿ ಏನೋ ಕೆಟ್ಟದ್ದು ಸೇರಿದೆ ಎನ್ನಿಸಿದ್ದುಂಟೇ? ನನ್ನ ಉತ್ತರಗಳನ್ನು ಕೇಳಿ ಅವರು ಹೇಳಿದ್ದು ಇಷ್ಟು: ಹೊಸ ತಾಯಂದಿರಲ್ಲಿ ಬಹಳ ಮಂದಿಗೆ ಮಗುವಿಗೆ ಏಟಾಗುವ, ತಾನೇ ಏಟು ಮಾಡುವ ಚಿತ್ರಗಳು ಬಂದು ಹೋಗುತ್ತವೆ, ಬಂದ ಚಿತ್ರಕ್ಕೆ ಬೆಚ್ಚಿ, ಮಗುವನ್ನು ಕಾಪಾಡಲು ದಾರಿಯನ್ನೇ ಬದಲಿಸುವವಳ ಮನಸ್ಸಿನಲ್ಲಿ ಆ ಇಚ್ಛೆಯಿಲ್ಲ, ಅತಿಯಾದ ಆತಂಕವಿದೆ, ಅದಕ್ಕೆ ಚಿಕಿತ್ಸೆಯಿದೆ. ಬೇರೆ ಒಂದು ಕಾಯಿಲೆ ಉಂಟು, ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು, ಅದರಲ್ಲಿ ದನಿಗಳು ಕೇಳಿಸುತ್ತವೆ, ದಿನಗಟ್ಟಲೆ ನಿದ್ರೆಯಿಲ್ಲದೆಯೂ ದಣಿವಾಗುವುದಿಲ್ಲ, ಆ ಯೋಚನೆಗಳು ಸರಿಯೆಂದೇ ತೋರುತ್ತವೆ. ಅದಾದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ತರಬೇಕು. ನಿಮಗಿರುವುದು ಅದಲ್ಲ.

ಮಗುವನ್ನು ನನ್ನಿಂದ ಬೇರೆ ಮಾಡುತ್ತೀರಾ ಎಂದು ಕೇಳಿದೆ. ಇಷ್ಟು ದಿನ ನನ್ನ ಬಾಯಿ ಕಟ್ಟಿದ್ದ ಪ್ರಶ್ನೆ ಅದೇ ಎಂದು ಕೇಳಿದ ಮೇಲೆ ನನಗೇ ತಿಳಿಯಿತು. ಅವರು, ತೀವ್ರ ಕಾಯಿಲೆಯಿದ್ದವರನ್ನೂ ಮಗುವಿನ ಜೊತೆಗೇ ಸೇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ನಿಮಗೆ ಅದರ ಅಗತ್ಯವೇ ಇಲ್ಲ, ನೀವೇ ಮಗುವಿಗೆ ಸ್ನಾನ ಮಾಡಿಸಲು ಕಲಿಯಿರಿ ಎಂದರು. ಸರ್ಟ್ರಾಲಿನ್ ಎಂಬ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದರು. ಅದು ಎದೆಹಾಲಿಗೆ ಹೋಗುವುದು ಬಹಳ ಅಲ್ಪವೆಂದೂ, ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲವೆಂದೂ ಚೀಟಿಯ ಮೇಲೆಯೇ ಬರೆದುಕೊಟ್ಟರು, ಏಕೆಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವುದೆಂದು ಅವರಿಗೆ ಗೊತ್ತಿತ್ತು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಕರೆ ಮಾಡಲು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416ನ್ನು ಹಿಂಬದಿಯಲ್ಲಿ ಬರೆದರು. 2022ರಲ್ಲಿ ಸುರುವಾದ ಆ ಸೇವೆಯಲ್ಲಿ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಮಾತ್ರೆಗಿಂತ ಮುಖ್ಯವೆಂದು ಅವರು ಹೇಳಿದ್ದು, ರಾತ್ರಿಯಲ್ಲಿ ನಡುವೆ ಏಳದೆ ನಾಲ್ಕೈದು ಗಂಟೆಯ ನಿದ್ರೆ. ಅದಕ್ಕಾಗಿ ಸಂಜೆಯೇ ಹಾಲು ಹಿಂಡಿಡುವುದು, ಹನ್ನೊಂದರ ಸರದಿಯನ್ನು ಅಮ್ಮ ನೋಡಿಕೊಳ್ಳುವುದು ಎಂದಾಯಿತು.

ಅಮ್ಮನಿಗೆ ಹೇಳಿದ್ದು ಆ ಸಂಜೆ ರಿಕ್ಷಾದಲ್ಲಿ, ಮಳೆಯ ಸದ್ದಿನಲ್ಲಿ. ಅವರು ಬಹಳ ಹೊತ್ತು ಮಾತನಾಡಲಿಲ್ಲ. "ದೃಷ್ಟಿ ತೆಗಿಸುವಾ" ಎಂದರು ಮೊದಲು. ಮನೆ ತಲುಪುವ ಮೊದಲು, "ಮಾತ್ರೆಯೂ ತಗೋ, ದೃಷ್ಟಿಯೂ ತೆಗಿಸುವಾ" ಎಂದರು. ಎರಡೂ ನಡೆದವು. ಅಪ್ಪನಿಗೆ ಎಷ್ಟು ಹೇಳಿದರೋ ಗೊತ್ತಿಲ್ಲ; ನನ್ನ ಬಳಿ ಅವರು ಒಂದು ಮಾತೂ ಆಡಲಿಲ್ಲ, ಮುಂದಿನ ವಾರ ವೆಲ್ಡಿಂಗಿನವನನ್ನು ಕರೆಸಿ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದರು. ಕೇಳಿದವರಿಗೆ ಬೆಕ್ಕು ಬೀಳುತ್ತದೆ ಎಂದರು. ಮನೋವೈದ್ಯೆಗೆ ಮಾತ್ರ ಅದು ಅಷ್ಟು ಹಿಡಿಸಲಿಲ್ಲ. ಜಾಲರಿಯಿರಲಿ, ಆದರೆ ನೀವು ಮಗುವನ್ನೆತ್ತಿಕೊಂಡು ಬಾವಿಯ ಬದಿಯ ದಾರಿಯಲ್ಲೇ ಬರಬೇಕು, ಚಿತ್ರ ಬಂದರೆ ಬರಲಿ, ಓಡಬೇಡಿ, ಅದು ತಾನಾಗಿ ಹೋಗುವವರೆಗೆ ನಡೆಯುತ್ತಿರಿ ಎಂದರು. ಮೊದಲು ಅಮ್ಮ ಜೊತೆಗೆ, ಆಮೇಲೆ ಅಮ್ಮ ಬಾಗಿಲಲ್ಲಿ ನಿಂತು, ಆಮೇಲೆ ಒಬ್ಬಳೇ. ಆಗಸ್ಟ್ ಹೊತ್ತಿಗೆ ಚಿತ್ರಗಳು ಮಸುಕಾದವು. ಈಗಲೂ ಅಪರೂಪಕ್ಕೆ ಒಂದು ಬರುವುದುಂಟು, ಆದರೆ ದಾರಿ ಬದಲಿಸುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕನೆಯ ತಿಂಗಳಿನಲ್ಲಿ ತಲೆಗೂದಲು ಬಚ್ಚಲಿನ ತೂಬು ಕಟ್ಟುವಷ್ಟು ಉದುರಿತು. ಬಸಿರಿನಲ್ಲಿ ಉದುರದೆ ನಿಂತಿದ್ದ ಕೂದಲೆಲ್ಲ ಒಟ್ಟಿಗೆ ಉದುರುವುದರಿಂದ ಹಾಗಾಗುತ್ತದೆ, ತಾನಾಗಿ ಬೆಳೆಯುತ್ತದೆ ಎಂದರು, ಈಗ ಹಣೆಯ ಮೇಲೆ ಚಿಕ್ಕ ಕೂದಲು ನೆಟ್ಟಗೆ ನಿಂತಿವೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಕೂದಲು ಉದುರುವುದು, ಆತಂಕ, ಎದೆಬಡಿತ ಬರುವುದರಿಂದ ಅದನ್ನೂ ಪರೀಕ್ಷಿಸಿದರು, ಸರಿಯಿತ್ತು. ಕೈಯ ಜೋಮು ಹೆರಿಗೆಯಾದ ಕೆಲವೇ ವಾರಗಳಲ್ಲಿ ಮಾಯವಾಗಿತ್ತು. ಜೋರಾಗಿ ಸೀನಿದರೆ, ಕೆಮ್ಮಿದರೆ ಮೂತ್ರ ತೊಟ್ಟಿಕ್ಕುವುದು ಮಾತ್ರ ನಿಂತಿರಲಿಲ್ಲ. ದೊಡ್ಡಮ್ಮನನ್ನು ಕೇಳಿದರೆ ತನಗೆ ಮೂವತ್ತು ವರ್ಷದಿಂದ ಇದೆ ಎಂದು ನಕ್ಕರು. ಫಿಸಿಯೋಥೆರಪಿಸ್ಟ್ ಒಬ್ಬರು ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದರು, ಮೂರು ತಿಂಗಳು ಬಿಡದೆ ಮಾಡಿದರೆ ಗುಣ ಕಾಣುತ್ತದೆಂದರು. ದೊಡ್ಡಮ್ಮನಿಗೂ ಹೇಳಿಕೊಟ್ಟಿದ್ದೇನೆ, ಅವರು ಟಿವಿ ನೋಡುತ್ತ ಮಾಡುತ್ತಾರೆ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ ಇಪ್ಪತ್ತಾರು ವಾರಗಳ ರಜೆ ಮುಗಿದು ಕೆಲಸಕ್ಕೆ ಸೇರಿದ್ದೇನೆ. ಹಾಲು ಹಿಂಡಲು ಹಳೆಯ ಲೆಡ್ಜರುಗಳ ಕೋಣೆಯ ಚಿಲಕ ಸರಿಮಾಡಿಸಿಕೊಂಡೆ. ಹಾಲಿಳಿಯುವ ಮುನ್ನ ಬರುವ ಆ ಎರಡು ನಿಮಿಷದ ದುಃಖ ಅಲ್ಲಿಯೂ ಬರುತ್ತದೆ, ಗಡಿಯಾರ ನೋಡುತ್ತ ಕುಳಿತಿರುತ್ತೇನೆ. ಮಾತ್ರೆಯನ್ನು ಮುಂದಿನ ಭೇಟಿಯಲ್ಲಿ ಅರ್ಧಕ್ಕೆ ಇಳಿಸುವ ಯೋಚನೆಯಿದೆ ಎಂದು ಮನೋವೈದ್ಯೆ ಹೇಳಿದ್ದಾರೆ. ಅಲ್ಲಿಯವರೆಗೆ ಪ್ರತಿ ರಾತ್ರಿ ಎಷ್ಟು ಗಂಟೆ ನಿದ್ರೆ ಬಂತೆಂದು ಬರೆದಿಡಬೇಕಂತೆ. ಗಂಡ ತಾನೂ ಬರೆಯುತ್ತೇನೆಂದು ಅದೇ ಪುಸ್ತಕದಲ್ಲಿ ತನ್ನದೊಂದು ಕಾಲಂ ಎಳೆದುಕೊಂಡಿದ್ದಾರೆ. ಸದ್ಯಕ್ಕೆ ನನ್ನದೇ ಹೆಚ್ಚಿದೆ.